ದಸ್ತಗೀರ್ ಸಾಬ್ರು ಮೂಸಿ ಕೊಡಿಸಿದ ವ್ಯಾನು

ದಸ್ತಗೀರ್ ಸಾಬ್ರು ಯಾವ ಗಾಡಿಯನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಬಾಗಿಲು ತೆಗೆಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯನ್ನಷ್ಟೇ ಒಳಗೆ ತೂರಿಸಿ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. ಕಿವಿಯ ಮಡಿಕೆಯಲ್ಲಿ ದಿನವೂ ಅತ್ತರಿನ ಹತ್ತಿ ಇಟ್ಟುಕೊಳ್ಳುವ ಶೋಕಿಯ ಮನುಷ್ಯ, ಗಾಡಿ ನೋಡಲು ಹೋಗುವ ದಿನ ಮಾತ್ರ ಅತ್ತರು ಮುಟ್ಟುತ್ತಿರಲಿಲ್ಲ. "ಇವತ್ತು ಮೂಗು ಡ್ಯೂಟಿ ಮೇಲೈತೆ ಮೇಡಮ್ಮೋರೆ" ಎನ್ನುತ್ತಿದ್ದರು.

ಇಸ್ತ್ರಿಯ ಬಿಳಿ ಜುಬ್ಬ, ಬಿಳಿ ಟೋಪಿ, ಮೆಹಂದಿ ಹಚ್ಚಿದ ಕೆಂಪು ಗಡ್ಡ. ಖಾಸಗಿ ಬಸ್ಸುಗಳನ್ನು ಓಡಿಸಿ ರಿಟೈರ್ ಆದವರು. ಮಾಡೆಸ್ಟಿ ಎಂಬ ಗುಣವನ್ನು ಅವರಿಗೆ ಯಾರೂ ಪರಿಚಯ ಮಾಡಿಸಿಕೊಟ್ಟಿರಲಿಲ್ಲ. "ಮೈಸೂರು ಸೀಮೇಲಿ ನನ್ನಂಗೆ ಗಾಡಿ ನೋಡೋನು ಇನ್ನೊಬ್ಬ ಇದ್ರೆ ತೋರಿಸ್ಬುಡಿ, ಈ ಟೋಪಿ ತೆಗೆದು ಅವ್ನ ತಲೆಗಿಕ್ತೀನಿ" ಎಂದು ಟೀ ಅಂಗಡಿಯ ಮುಂದೆ ನಿಂತು ಸಾರುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಯಾರೂ ಆ ಟೋಪಿಗೆ ಆಸೆಪಟ್ಟಂತಿರಲಿಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದವಳು. ಮನೆಯ ಹಜಾರದಲ್ಲಿ ಶುರು ಮಾಡಿದ ನರ್ಸರಿ, ತೊಂಬತ್ತರ ದಶಕ ಬರುವ ಹೊತ್ತಿಗೆ ಏಳನೆಯ ಕ್ಲಾಸಿನವರೆಗೂ ಬೆಳೆದಿತ್ತು. ಕರಿಘಟ್ಟದ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಹೈವೇ ದಾಟಿ ನಡೆದೇ ಬರುತ್ತಿದ್ದರು. ಲಾರಿಗಳ ಓಡಾಟ ಹೆಚ್ಚಿದ ಒಂದು ಬೇಸಿಗೆಯಲ್ಲಿ ಅವರ ಅಪ್ಪಂದಿರು ಒಟ್ಟಾಗಿ ಬಂದು ನನ್ನ ವರಾಂಡದಲ್ಲಿ ನಿಂತರು. "ಮಕ್ಳು ಚೆಂದಾಗೇ ಓದ್ತಾವೆ ಮೇಡಂ. ಆದ್ರೆ ಆ ಲಾರಿಗಳ ಮಧ್ಯೆ ಎಂಗೆ ಕಳಿಸನ? ವ್ಯಾನ್ ಮಾಡುದ್ರೆ ಸರಿ, ಇಲ್ದಿದ್ರೆ ಜೂನಿಂದ ಬುಡಿಸ್ಬುಡ್ತೀವಿ" ಎಂದರು.

ಹೊಸ ವ್ಯಾನು ನಮ್ಮ ಸ್ಕೂಲಿಗೆ ಎಟುಕುವ ಮಾತಲ್ಲ. ಹಳೆಯದೇ ಆಗಬೇಕು, ಆದರೆ ಊರವರ ಮಕ್ಕಳನ್ನು ನಂಬಿ ಕೂರಿಸುವಂಥದ್ದಾಗಬೇಕು, ಅದೂ ಜೂನ್‌ಗೆ ಮುಂಚೆ. ನಮ್ಮ ಸ್ಕೂಲಿನ ಆಯಾ ಸಿದ್ದಮ್ಮನೇ ಹೋಗಿ ದಸ್ತಗೀರ್ ಸಾಬ್ರನ್ನು ಕರೆತಂದಳು. "ಬಾಯಿ ಜಾಸ್ತಿ ಕಣಿ ಮೇಡಂ, ಆದ್ರೆ ಗಾಡಿ ವಿಸ್ಯದಲ್ಲಿ ಸುಳ್ಳೇಳಕ್ಕಿಲ್ಲ" ಎಂದು ಅವರ ಎದುರಿಗೇ ಸರ್ಟಿಫಿಕೇಟ್ ಕೊಟ್ಟಳು.

ಆ ಏಪ್ರಿಲ್, ಮೇ ನೆನೆದರೆ ಈಗಲೂ ನನಗೆ ಎಕ್ಸ್‌ಕರ್ಷನ್‌ಗೆ ಹೊರಟ ಹುಡುಗಿಯ ಎದೆಬಡಿತ. ಬೆಳಕು ಹರಿಯುವ ಮುಂಚೆ ಥರ್ಮಾಸ್ ಫ್ಲಾಸ್ಕಿಗೆ ಕಾಫಿ ಹಾಕಿಕೊಂಡು ಸಾಬ್ರು, ಸಿದ್ದಮ್ಮ, ನಾನು ಮೊದಲ ಬಸ್ಸು ಹತ್ತುತ್ತಿದ್ದೆವು. ಏಕೆಂದರೆ ಮಾರುವವನು ಏಳುವ ಮೊದಲೇ ಅವನ ಮನೆಯ ಮುಂದೆ ಇರಬೇಕು ಎಂಬುದು ಸಾಬ್ರ ಕಟ್ಟುನಿಟ್ಟು. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮುಗಿಯಿತು, ವಾಪಸ್. ಯಾರೋ ಆಗಲೇ ಸ್ಟಾರ್ಟ್ ಮಾಡಿ ಕಾಯಿಸಿಟ್ಟಿದ್ದಾರೆ ಎಂದು ಅರ್ಥ. "ಮನ್ಸನ ಗುಣ ನಿದ್ದೆಯಿಂದ ಎದ್ದಾಗ ನೋಡ್ಬೇಕು. ಕಾಫಿ ಕುಡುದ್ ಮೇಲೆ ಎಲ್ಲಾರೂ ಒಳ್ಳೇವ್ರೇ" ಎನ್ನುತ್ತಿದ್ದರು. ನಮ್ಮ ಮನೆಯವರ ವಿಷಯದಲ್ಲೂ ಅದು ಎಷ್ಟು ಟ್ರೂ ಎಂದು ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಕೆ.ಆರ್. ಪೇಟೆಯಲ್ಲಿ ಒಂದು ಬಿಳಿಯ ವ್ಯಾನು ಸಿಕ್ಕಿತು. ಬಾನೆಟ್ಟು ತಣ್ಣಗಿತ್ತು. ಮಾರುವವನು, "ಮನೆಯೋರ್ನ ಧರ್ಮಸ್ಥಳಕ್ಕೆ ಕರ್ಕೊಂಡೋಗಕ್ಕೆ ಬುಟ್ರೆ ಇದು ಆಚೆಗೇ ಬಂದಿಲ್ಲ" ಎಂದ. ಸಾಬ್ರು ಒಳಗೆ ಮೂಸಿದರು. ಹಿಂಬದಿಯ ಮ್ಯಾಟಿನ ಮೂಲೆಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. ಅಡಿಯಿಂದ ಕೆಂಪಿರುವೆಗಳು ಸಾಲುಗಟ್ಟಿ ಹೊರಬಂದವು.

"ಅಲ್ಲಪ್ಪಾ, ಧರ್ಮಸ್ಥಳಕ್ಕೆ ಬೆಲ್ಲದ ಅಚ್ಚುಗಳ್ನೂ ಕರ್ಕೊಂಡೋಗಿದ್ರಾ?"

ಆಲೆಮನೆಯಿಂದ ಬೆಲ್ಲ ಹೊತ್ತು ಹೊತ್ತು ಅದರ ಅಡಿಯ ಸ್ಪ್ರಿಂಗ್ ಪಟ್ಟಿಗಳು ಸೊರಗಿದ್ದವು. ದೂರದಿಂದ ನೋಡಿದರೆ ವ್ಯಾನಿನ ಹಿಂಭಾಗ ಕೂತಂತೆ ಕಾಣುವುದನ್ನೂ ಆಮೇಲೆ ತೋರಿಸಿದರು. ನಮ್ಮ ಸೀಮೆಯಲ್ಲಿ ಇರುವೆಗಿಂತ ಸಾಚಾ ಸಾಕ್ಷಿ ಇಲ್ಲ ಎಂಬುದು ಆ ದಿನ ನನಗೂ ಅರ್ಥವಾಯಿತು.

ನಾಗಮಂಗಲದ ನೀಲಿ ವ್ಯಾನಿನ ಮೇಲೆ ಮಾತ್ರ ನನಗೆ ಲವ್ ಅಟ್ ಫಸ್ಟ್ ಸೈಟ್. ತಿಳಿನೀಲಿ ಬಣ್ಣ, ಕಿಟಕಿಗೆ ಪುಟ್ಟ ಕರ್ಟನ್ನು, ಮುಂದೆ ದಪ್ಪನೆಯ ಚೆಂಡುಹೂವಿನ ಹಾರ. ಆಗಲೇ ಪೂಜೆಯಾಗಿತ್ತು. ಒಳಗಡೆ ಊದುಬತ್ತಿಯ ಹೊಗೆ ಘಮಘಮ. ಹಿಂದಿನ ಸೀಟಿನಲ್ಲಿ ನಮ್ಮ ಹುಡುಗಿಯರು ರಿಬ್ಬನ್ ಹಾರಿಸುತ್ತ ಕುಳಿತಿರುವುದು ನನ್ನ ಕಣ್ಣಿಗೆ ಕಟ್ಟಿಯೇಬಿಟ್ಟಿತು. "ಇದೇ ಇರಲಿ ಸಾಬ್ರೆ, ಪ್ಲೀಸ್" ಎಂದೆ.

ಸಾಬ್ರು ಒಳಗೆ ತಲೆ ಹಾಕಿ ತಕ್ಷಣ ಈಚೆಗೆ ತೆಗೆದರು. ಮಾರುವವನನ್ನು ನೋಡಿ, "ಯಜಮಾನ್ರೆ, ದೇವ್ರಿಗೆ ಒಂದು ಕಡ್ಡಿ ಸಾಕಾಯ್ತದೆ. ನೀವು ಕಟ್ಟುಗಟ್ಲೆ ಹಚ್ಚಿದ್ದೀರಿ. ಅವು ಆರೋಗ್ಲಿ, ನಾವು ಕೂತಿರ್ತೀವಿ" ಎಂದು ಜಗಲಿಯ ಮೇಲೆ ಟವೆಲ್ ಹಾಸಿಕೊಂಡು ಕುಳಿತುಬಿಟ್ಟರು.

"ಪೂಜೆ ಮಾಡಿದ್ ತಪ್ಪಾ?" ಅವನಿಗೆ ಸಿಟ್ಟು.

"ತಪ್ಪಲ್ಲ. ನಾನೂ ಬಸ್ ತೆಗೆಯೋ ಮುಂಚೆ ಬಿಸ್ಮಿಲ್ಲಾ ಅಂತಿದ್ದೆ. ಆದ್ರೆ ಆಮೇಲೆ ಬ್ರೇಕೂ ನೋಡ್ತಿದ್ದೆ."

ಸಿದ್ದಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. "ಹೆಣ್ ನೋಡಕ್ ಬಂದೋರ್ಗಿಂತ ಕಡೆಯಾಯ್ತಲ್ಲ ಸಾಬ್ರೆ ನಿಮ್ದು!"

"ಹೆಣ್ ನೋಡಕ್ ಬಂದೋರು ಉಪ್ಪಿಟ್ಟಾದ್ರೂ ತಿಂತಾರೆ ಸಿದ್ದಮ್ಮ. ಇಲ್ಲಿ ನೀರೂ ಕೊಟ್ಟಿಲ್ಲ."

ಊದುಬತ್ತಿ ಆರಿ, ಗಾಳಿಯಾಡಿ, ಬಿಸಿಲು ಏರಿದ ಮೇಲೆ ಸಾಬ್ರು ಇಂಜಿನ್ ಸ್ಟಾರ್ಟ್ ಮಾಡಿಸಿದರು. ಎಲ್ಲ ಕಿಟಕಿಗಳನ್ನು ಏರಿಸಿ, ಹಿಂದಿನ ಕಟ್ಟಕಡೆಯ ಸೀಟಿನಲ್ಲಿ ತಾವೊಬ್ಬರೇ ಹೋಗಿ ಕುಳಿತರು. ನನಗೆ ಹಠ, ನಾನೂ ಹತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೂಗಿನ ತುದಿಯಲ್ಲಿ ಏನೋ ಕಮಟು, ಆಮೇಲೆ ಕಣ್ಣುರಿ, ಆಮೇಲೆ ತಲೆ ಧಿಮ್ಮೆನ್ನತೊಡಗಿತು. ಅಡಿಯಲ್ಲಿ ಸೈಲೆನ್ಸರ್ ಪೈಪು ತುಕ್ಕು ಹಿಡಿದು ತೂತಾಗಿ, ಆ ಹೊಗೆಯೆಲ್ಲ ನೆಲದ ಸಂದಿನಿಂದ ನೆಟ್ಟಗೆ ಹಿಂದಿನ ಸೀಟಿಗೇ ಏರುತ್ತಿತ್ತು. ಸಾಬ್ರು ನನ್ನ ತೋಳು ಹಿಡಿದು ಕೆಳಗಿಳಿಸಿದರು. ಅವರ ಕಣ್ಣೂ ಕೆಂಪಾಗಿತ್ತು. ಆ ಹೊತ್ತಿನಲ್ಲಿ ಮಾತ್ರ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಈ ಹೊಗೇಲಿ ಮಕ್ಳು ಎಚ್ರ ತಪ್ಪಿದ್ರೂ, ನಿದ್ದೆ ಮಾಡ್ತಾವೆ ಅಂತ ನಾವು ಅಂದ್ಕೊತಿದ್ವಿ, ಮೇಡಮ್ಮೋರೆ" ಎಂದರು, ಮೆಲ್ಲಗೆ.

ಬಸ್ ಸ್ಟ್ಯಾಂಡಿನವರೆಗೆ ನಾನು ಹಿಂದಿರುಗಿ ನೋಡಲಿಲ್ಲ. ಆ ನೀಲಿ ಬಣ್ಣದ ಮೇಲೆ ನನಗೆ ಇವತ್ತಿಗೂ ಕೋಪ.

ಮೇ ತಿಂಗಳ ಕೊನೆಗೆ ಬಂದುಬಿಟ್ಟೆವು. ಹಳ್ಳಿಯ ಅಪ್ಪಂದಿರು ಎದುರು ಸಿಕ್ಕಾಗೆಲ್ಲ "ಏನಾಯ್ತು ಮೇಡಂ?" ಎನ್ನುತ್ತಿದ್ದರು. ಆಗ ಪಾಂಡವಪುರದಲ್ಲಿ, ಮದುವೆಯ ಫೋಟೊ ತೆಗೆಯುವವರೊಬ್ಬರ ಮನೆಯ ಹಿಂದೆ, ಹುಣಿಸೆ ಮರದ ಕೆಳಗೆ ಒಂದು ವ್ಯಾನ್ ನಿಂತಿತ್ತು. ಫ್ರಾಂಕ್ಲಿ, ಅಷ್ಟು ಅಗ್ಲಿಯಾದ ವಾಹನವನ್ನು ನಾನು ಕಂಡಿರಲಿಲ್ಲ. ಪಾಚಿಯ ಬಣ್ಣ. ಒಂದು ಬಾಗಿಲಿಗೆ ಹಗ್ಗ. ಮೇಲೆಲ್ಲ ಹಕ್ಕಿಗಳ ಹಿಕ್ಕೆ. ನನ್ನ ಮುಖ ನೋಡಿ ಸಾಬ್ರು, "ಬಣ್ಣ ನಾವು ಬಳ್ಕೊಬೋದು. ಉಸ್ರು ಬಳಿಯಕ್ಕಾಯ್ತದಾ?" ಎಂದರು. ಕ್ಯಾಮೆರಾ, ಲೈಟು ಬಿಟ್ಟರೆ ಅದು ಭಾರ ಹೊತ್ತಿರಲಿಲ್ಲ. ತಣ್ಣಗಿದ್ದ ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಕಿಟಕಿ ಏರಿಸಿ ಹಿಂದಿನ ಸೀಟಿನಲ್ಲಿ ಕುಳಿತೆವು. ಬೆವರು ಬಂತು, ಹೊಗೆ ಬರಲಿಲ್ಲ. ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ಒತ್ತಿ ನೋಡಿದರು, ಗಾಡಿ ಅತ್ತಿತ್ತ ಎಳೆಯಲಿಲ್ಲ.

"ಹಾಗಾದರೆ ತಗೊಳ್ಳೋಣವಾ?" ನನಗೆ ತಡೆಯಲಾಗುತ್ತಿರಲಿಲ್ಲ.

"ಖಾಲಿ ಹೊಟ್ಟೇಲಿ ಎಲ್ಲಾರೂ ಓಡ್ತಾರೆ. ತುಂಬಿಸಿ ನೋಡನ" ಎಂದು ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೀದಾ ಕರಿಘಟ್ಟಕ್ಕೆ ಹೊಡೆದರು. ಅವತ್ತು ಶನಿವಾರ. ಬೆಟ್ಟದ ಬುಡದಲ್ಲಿ ದೇವಸ್ಥಾನಕ್ಕೆ ಹೋಗುವ ಜನ. ಸಾಬ್ರು ಕಿಟಕಿಯಿಂದ ತಲೆ ಹಾಕಿ ಕೂಗಿದರು: "ಮೇಲಕ್ಕೆ ಬಿಟ್ಟಿ ಸವಾರಿ! ಹತ್ಕಳಿ, ಹತ್ಕಳಿ! ದಪ್ಪಗಿರೋರು ಮೊದ್ಲು!"

ಜನ ನುಗ್ಗಿದರು. ತೆಂಗಿನಕಾಯಿ ಹಿಡಿದ ಒಬ್ಬ ಅಜ್ಜಿ ಮೆಟ್ಟಿಲಿನ ಮೇಲೆ ಕಾಲಿಟ್ಟು, "ಬ್ರೇಕು ಐತೇನ್ಲಾ ಸಾಬಣ್ಣ?" ಎಂದಳು.

"ಐತೋ ಇಲ್ವೋ ನೋಡಕ್ಕೇ ನಿನ್ನ ಕರ್ಕೊಂಡೋಗ್ತಿರಾದು ಅಜ್ಜಿ!"

"ಥೂ ನಿನ್ನ!" ಎಂದು ಬೈದು, ಇಳಿಯದೆ ಒಳಗೆ ಬಂದು ನನ್ನ ಪಕ್ಕದಲ್ಲೇ ಕುಳಿತಳು.

ಏರು ಶುರುವಾಯಿತು. ವ್ಯಾನು ಗುರುಗುಟ್ಟುತ್ತ, ತಿರುವಿನಲ್ಲಿ ವಾಲುತ್ತ, ಆದರೆ ಏದುಸಿರು ಬಿಡದೆ ಏರಿತು. ಕೆಳಗೆ ಲೋಕಪಾವನಿ ಹೊಳೆ ಬಿಳಿಯ ಗೆರೆಯಾಯಿತು. ಅತ್ಯಂತ ಕಡಿದಾದ ಜಾಗದಲ್ಲಿ ಸಾಬ್ರು ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ತೆಗೆದುಬಿಟ್ಟರು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ವ್ಯಾನು ಕದಲಲಿಲ್ಲ. ಮತ್ತೆ ಗೇರ್ ಬಿತ್ತು, ಕ್ಲಚ್ ಮೆಲ್ಲಗೆ ಎದ್ದಿತು, ಒಂದಿಂಚೂ ಹಿಂದಕ್ಕೆ ಜಾರದೆ ಗಾಡಿ ಮುಂದಕ್ಕೆ ನೆಗೆಯಿತು. "ಗೋವಿಂದಾ!" ಎಂದಳು ಅಜ್ಜಿ. "ಗೋವಿಂದ!" ಎಂದು ಇಡೀ ವ್ಯಾನು ಕೂಗಿತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಡೆಕೋರಮ್ಮನ್ನೆಲ್ಲ ಗಾಳಿಗೆ ತೂರಿ ನಾನೂ ಕೂಗಿದೆ. ಸಾಬ್ರು ಹಿಂದಕ್ಕೆ ತಿರುಗದೆ, "ಮೇಡಮ್ಮೋರೆ, ಪಾಚಿ ಕೆರೆಯಿಸಿ ಹಳದಿ ಬಳ್ಸಿ" ಎಂದರು. ಅದೇ ಅವರ ತೀರ್ಪು.

ಜೂನಿನಲ್ಲಿ ಸ್ಕೂಲು ತೆರೆದ ದಿನ ಹಳದಿ ವ್ಯಾನು ಹೊರಟಾಗ, ಸಾಬ್ರು ಯಾರೂ ಕರೆಯದೆ ಬಂದು ಕಟ್ಟಕಡೆಯ ಸೀಟಿನಲ್ಲಿ ಮಂಡಿ ಮಡಿಸಿಕೊಂಡು ಕುಳಿತರು. ಹಳ್ಳಿಯಲ್ಲಿ ಒಬ್ಬ ಅಪ್ಪ ಒಳಗೆ ಇಣುಕಿ, ಅವರನ್ನು ಕಂಡು, ಮಗಳ ಬ್ಯಾಗನ್ನು ಅವರ ತೊಡೆಯ ಮೇಲಿಟ್ಟ. ಆ ವರ್ಷ ಒಬ್ಬ ಹುಡುಗಿಯೂ ಸ್ಕೂಲ್ ಬಿಡಲಿಲ್ಲ. ಆಮೇಲೆ ಸಾಬ್ರು ಪ್ರತಿ ರಜೆಯಲ್ಲೂ ಬಂದು ವ್ಯಾನಿನ ಯೋಗಕ್ಷೇಮ ನೋಡಿಕೊಂಡು ಹೋಗುತ್ತಿದ್ದರು.

ದಶಕ ಮುಗಿಯುತ್ತ ಬಂದ ಒಂದು ರಜೆಯಲ್ಲಿ, ವ್ಯಾನನ್ನು ಒಂದು ಸುತ್ತು ಓಡಿಸಿ ಬಂದವರು, "ಇನ್ನು ಮಕ್ಳಿಗೆ ಬ್ಯಾಡಿ. ಮಾರ್ಬುಡಿ" ಎಂದರು. ಅಷ್ಟರಲ್ಲಿ ಸ್ಕೂಲಿಗೆ ಹೊಸದನ್ನು ತರುವ ಶಕ್ತಿ ಬಂದಿತ್ತು, ನಿಜ. ಆದರೂ ಸೆಂಟಿಮೆಂಟ್ ಎನ್ನುವುದು ಇರುತ್ತದಲ್ಲ.

ಶೀಳನೆರೆಯಿಂದ ತರಕಾರಿ ವ್ಯಾಪಾರದ ಒಬ್ಬ ಯುವಕ ನೋಡಲು ಬಂದ. ನಾನು ಬಾಯಿ ತೆರೆಯುವ ಮೊದಲೇ ಸಾಬ್ರು ಅವನನ್ನು ವ್ಯಾನಿನ ಸುತ್ತ ನಡೆಸಿಕೊಂಡು ಹೋದರು. ಸೆಕೆಂಡ್ ಗೇರ್ ಹಾರುತ್ತದೆ ಎಂದರು. ಮಳೆಗಾಲದಲ್ಲಿ ವೈಪರ್ ಕೈಕೊಡುತ್ತದೆ ಎಂದರು. ಬಗ್ಗಿ, ಎಡಗಡೆಯ ಪಟ್ಟಿಯ ಬಿರುಕನ್ನು ಮುಟ್ಟಿ ತೋರಿಸಿ, ಇದನ್ನು ಬದಲಾಯಿಸದೆ ಲೋಡ್ ಹಾಕಬೇಡ ಎಂದರು. ಯುವಕ ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿದ.

"ಏನ್ ಸಾಬ್ರೆ, ಮಾರಕ್ಕೆ ಇಷ್ಟ ಐತೋ ಇಲ್ವೋ?"

"ಇಷ್ಟ ಐತೆ ಬೇಟಾ. ನಿಮ್ಮನೇಲೂ ಮಕ್ಳವೆ ತಾನೆ? ತರ್ಕಾರಿ ಇಳ್ಸಿದ್ಮೇಲೆ ಅವೂ ಹತ್ಕತಾವೆ."

ಅವನು ಬಗ್ಗಿ ತಾನೂ ಆ ಬಿರುಕನ್ನು ಮುಟ್ಟಿ ನೋಡಿ, ವ್ಯಾನು ತನಗೇ ಇರಲಿ ಎಂದ. ಬೇರೆ ಎಲ್ಲೂ ನೋಡುವುದಿಲ್ಲ, ಮೊದಲು ಪಟ್ಟಿ ಹಾಕಿಸುತ್ತೇನೆ ಎಂದ. ಗೇರಿನ ಮರ್ಜಿ ಹೇಳಿಕೊಟ್ಟು ಸಂಜೆಯ ಬಸ್ಸಿಗೆ ಬರುತ್ತೇನೆಂದು ಸಾಬ್ರು ಅವನ ಪಕ್ಕಕ್ಕೆ ಹತ್ತಿದರು. ಬಂದರಂತೆ, ಆದರೆ ನನ್ನ ಕಣ್ಣಿಗೆ ಬೀಳಲಿಲ್ಲ. ಆ ರಜೆ ಮುಗಿಯುವ ಮೊದಲೇ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದು ಸಿದ್ದಮ್ಮ ಅಳುತ್ತ ಬಂದು ಹೇಳಿದಳು.

ಹಾಗಾಗಿ ನಾನು ಅವರನ್ನು ಕಡೆಯ ಸಲ ಕಂಡದ್ದು ಆ ಹಳದಿ ವ್ಯಾನಿನಲ್ಲೇ. ಗೇಟು ದಾಟಿ ಮುಖ್ಯರಸ್ತೆಗೆ ತಿರುಗುವವರೆಗೂ ಒಳಗಿನಿಂದ ಅವರ ದನಿ ಕೇಳುತ್ತಿತ್ತು: "ಕ್ಲಚ್ ಮೇಲಿಂದ ಕಾಲ್ ತೆಗಿಯೋ! ಅದೇನು ನಿಮ್ಮತ್ತೆ ಮನೆ ಮಂಚಾನೇನ್ಲಾ?"