ಫೆಲಿಸ್ಮಿನಾಳ ಇಪ್ಪತ್ತು ಮತ

ವಾಲ್ಮೊರೇರಾದ ಯೂನಿಯನ್ ಫುಟ್‌ಬಾಲ್ ಕ್ಲಬ್ಬು ಹಾಳಾದ ಕತೆಯನ್ನು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಅಧ್ಯಕ್ಷ ಕಾಸಿಮಿರೋನಿಂದಲೇ ಶುರು ಮಾಡುತ್ತಾರೆ. ಅವನಿಗೆ ಆ ಮರ್ಯಾದೆ ಕೊಡಲು ನನಗೆ ಇಷ್ಟವಿಲ್ಲ. ಹಾಗಾಗಿ ನಾನು ಫೆಲಿಸ್ಮಿನಾಳಿಂದ ಶುರು ಮಾಡುತ್ತೇನೆ. ಅವಳು ನಲವತ್ತು ವರ್ಷ ಆ ಕ್ಲಬ್ಬಿನ ಆಟಗಾರರ ಬಟ್ಟೆ ಒಗೆದವಳು. ನಾನು ಎವಾರಿಸ್ತು, ಕ್ಲಬ್ಬಿನ ಕಟ್ಟಡದಲ್ಲೇ ಬಾರ್ ಇಟ್ಟುಕೊಂಡಿದ್ದವನು. ಬೆಳ್ಳುಳ್ಳಿ, ವೈನಿನಲ್ಲಿ ನೆನೆಸಿದ ಹಂದಿಮಾಂಸವನ್ನು ಹುರಿದು ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಿದ್ದೆ, ಜೊತೆಗೆ ಬಿಯರು. ಅವಳ ಕೈ ಇವತ್ತಿಗೂ ಸಾಬೂನಿನ ವಾಸನೆ ಹೊಡೆಯುತ್ತದೆ, ನನ್ನದು ಜಿಡ್ಡಿನ ವಾಸನೆ.

ಅವಳು ಹುಟ್ಟಿದ್ದು 1951ರಲ್ಲಿ. ಅವಳಪ್ಪ ಅಬೀಲಿಯು ಕಾರ್ಕ್ ಕಾರ್ಖಾನೆಯಲ್ಲಿ ಬಾಟಲಿಯ ಬಿರಡೆ ಕೊರೆಯುವ ಕೆಲಸದಲ್ಲಿದ್ದ. ಮಗು ಹುಟ್ಟಿದ ದಿನವೇ ಕ್ಲಬ್ಬಿಗೆ ಓಡಿ ಸದಸ್ಯರ ಪುಸ್ತಕದಲ್ಲಿ ಹೆಸರು ಬರೆಸಿದ. ಸರ್ಕಾರಿ ಕಚೇರಿಯಲ್ಲಿ ಜನನ ಬರೆಸಿದ್ದು ಮೂರು ದಿನ ಬಿಟ್ಟು. ಗಂಡುಮಗು ಹುಟ್ಟಿದರೆ ನಮ್ಮಲ್ಲಿ ಎಲ್ಲ ಅಪ್ಪಂದಿರೂ ಹೀಗೇ ಮಾಡುತ್ತಿದ್ದರು. ಹೆಣ್ಣುಮಗುವಿಗೆ ಮಾಡಿದವನು ಆ ಕಾಲಕ್ಕೆ ಅವನೊಬ್ಬನೇ. ಗುಮಾಸ್ತ ಪೆನ್ನು ಕೆಳಗಿಟ್ಟು ನಕ್ಕನಂತೆ.

"ಏನಪ್ಪಾ ಅಬೀಲಿಯು, ಇವಳೇನು ಗೋಲ್ ಹೊಡೀತಾಳಾ?"

"ನೀನ್ ಬರಿ ಸುಮ್ನೆ. ನನ್ ಮಗಳು ಒಂದಿನ ಒಂದನೇ ನಂಬರ್ ಆಗ್ತಾಳೆ, ಆವಾಗ ನಗು."

ಸಿಕ್ಕಿದ್ದು 388. ಈ ನಂಬರಿನ ಹುಚ್ಚು ನಮ್ಮವರಿಗೆ ಎಷ್ಟಿತ್ತೆಂದರೆ, ನೆನೆಸಿಕೊಂಡರೆ ಈಗ ಅಸಹ್ಯವಾಗುತ್ತದೆ. ಐದು ವರ್ಷಕ್ಕೊಮ್ಮೆ ಕ್ಲಬ್ಬಿನವರು ಪುಸ್ತಕ ತೆಗೆದು ಸತ್ತವರ, ಚಂದಾ ಕಟ್ಟದೆ ಬಿಟ್ಟವರ ಹೆಸರು ಹೊಡೆದುಹಾಕಿ ಉಳಿದವರನ್ನು ಮೇಲಕ್ಕೆ ಜರುಗಿಸುತ್ತಿದ್ದರು. ಹಾಗಾಗಿ ಊರಿನ ಗೋಡೆಗಳ ಮೇಲೆ ಸಾವಿನ ಚೀಟಿ ಅಂಟಿಸಿದ ಬೆಳಿಗ್ಗೆ ನನ್ನ ಬಾರಿನಲ್ಲಿ ಮಾತು ಹೀಗಿರುತ್ತಿತ್ತು: "ಅಯ್ಯೋ ಪಾಪ, ದೇವರಂಥ ಮನುಷ್ಯ. ಅಂದ್ರೆ ನನಗೀಗ ನೂರಾ ಹನ್ನೆರಡು ಬಂತಲ್ಲ." ಹೆಣ ಇನ್ನೂ ಚರ್ಚಿನಲ್ಲಿ ಇರುತ್ತಿತ್ತು. ನಾನೂ ಅದೇ ಲೆಕ್ಕ ಹಾಕುತ್ತಾ ಬಿಯರು ಬಗ್ಗಿಸುತ್ತಿದ್ದೆ.

ಒಂದನೇ ನಂಬರಿಗೆ ಒಂದು ಮರ್ಯಾದೆ ಇತ್ತು. ವರ್ಷದ ಮೊದಲ ಪಂದ್ಯದ ದಿನ ಆ ಸದಸ್ಯ ಕೋಟು ಹಾಕಿಕೊಂಡು ಮೈದಾನದ ನಟ್ಟನಡುವೆ ನಡೆದುಹೋಗಿ ಚೆಂಡಿಗೆ ಮೊದಲ ಒದೆ ಕೊಡಬೇಕು. ಇಡೀ ಊರು ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಫೆಲಿಸ್ಮಿನಾ ಬದುಕಿನಲ್ಲಿ ಬಯಸಿದ್ದು ಅದೊಂದನ್ನೇ. ಗಂಡ ಫ್ರಾನ್ಸಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವನಿಗಾಗಿಯೂ ಅವಳು ಇಷ್ಟು ಹಂಬಲಿಸಲಿಲ್ಲ. ಅಪ್ಪ ಸಾಯುವಾಗ ಅವನ ನಂಬರು 41. "ನಾನು ಮುಟ್ಟಲಿಲ್ಲ, ನೀನು ಮುಟ್ತೀಯ" ಎಂದು ಹೇಳಿ ಕಣ್ಣು ಮುಚ್ಚಿದನಂತೆ. ಆಮೇಲೆ ಅವಳಿಗೆ ಅದು ಅಪ್ಪನ ಸಾಲದ ಹಾಗಾಯಿತು.

ತಮಾಷೆಯೆಂದರೆ ಅವಳು ಆ ಮೈದಾನದ ಮೇಲೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸು ಬಿಳಿ ಗೆರೆ ದಾಟಿದರೆ ತಂಡ ಸೋಲುತ್ತದೆ ಎಂದು ಯಾವನೋ ಹಳೆಯ ತರಬೇತುದಾರ ಹೇಳಿದ್ದ. ಅವನು ಹೋದ ಮೇಲೂ ಆ ಮಾತು ಹೋಗಲಿಲ್ಲ. ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಸಿಮೆಂಟಿನ ತೊಟ್ಟಿ, ತಗಡಿನ ಬಕೆಟ್ಟು, ಒಂದು ಪುಟ್ಟ ಕಿಟಕಿ. ಆ ಕಿಟಕಿಯಿಂದ ಆಟಗಾರರ ಮೊಣಕಾಲಿನವರೆಗೆ ಮಾತ್ರ ಕಾಣುತ್ತಿತ್ತು. ಯಾರು ಚೆನ್ನಾಗಿ ಆಡಿದರು ಎಂದು ಕೇಳಿದರೆ ಅಂಗಿ ನೋಡಿ ಹೇಳುತ್ತಿದ್ದಳು. ಬೆನ್ನಿನಲ್ಲಿ ಮಣ್ಣಿದ್ದರೆ ನಾಟಕದವನು, ಎದೆಯಲ್ಲಿ ಮಣ್ಣಿದ್ದರೆ ಆಡಿದವನು. ಪತ್ರಿಕೆಯವರಿಗಿಂತ ಅವಳ ತೀರ್ಪು ಸರಿ ಇರುತ್ತಿತ್ತು.

ಕ್ಲಬ್ಬು ಬೆಳೆದದ್ದು ಅವಳ ತೊಟ್ಟಿಯಲ್ಲೇ ಕಾಣುತ್ತಿತ್ತು. ಮೊದಲು ಹುಲ್ಲಿಲ್ಲದ ನೆಲ, ಕೆಂಪು ನೀರು. ಆಮೇಲೆ ಊರಿನವರೆಲ್ಲ ಭಾನುವಾರ ಸಲಿಕೆ ಹಿಡಿದು ಹುಲ್ಲು ಹಾಕಿದೆವು, ನೀರು ಹಸಿರಾಯಿತು. ಜಿಲ್ಲೆಯ ಕೊನೆಯ ದರ್ಜೆಯಿಂದ ಹತ್ತಿ ಮೂರನೇ ವಿಭಾಗಕ್ಕೆ ಬಂದೆವು. ಒಂದು ವರ್ಷ ಕಪ್ ಪಂದ್ಯದಲ್ಲಿ ಮೊದಲ ವಿಭಾಗದ ತಂಡವೊಂದನ್ನು ನಮ್ಮ ಮೈದಾನದಲ್ಲೇ ಹೊಡೆದು ಕಳಿಸಿದೆವು. ಗೋಲು ಹೊಡೆದವನು ಅಂಚೆ ಹಂಚುವ ಹುಡುಗ. ಅವತ್ತು ಪಾದ್ರಿ ಕೂಡ ನನ್ನ ಬಾರಿನಲ್ಲಿ ಮೇಜಿನ ಮೇಲೆ ಹತ್ತಿದ್ದರು. ನಾವು ಅಷ್ಟಕ್ಕೇ ನಿಲ್ಲಬೇಕಿತ್ತು, ನಮಗೆ ತಿಂದದ್ದು ದಕ್ಕಲಿಲ್ಲ.

ಟೈಲ್ಸ್ ವ್ಯಾಪಾರಿ ಕಾಸಿಮಿರೋ ಲೇಮೊಸ್ ಅಧ್ಯಕ್ಷನಾದ. ಬಾಯಿ ತೆರೆದರೆ ಊರು, ಊರಿನ ಮಾನ, ಊರಿನ ಮಕ್ಕಳು. ಕೈ ಕುಲುಕಿದರೆ ನಮ್ಮ ಕೈ ಒರೆಸಿಕೊಳ್ಳಬೇಕು ಅನ್ನಿಸುವ ಜಾತಿ. 2011ರಲ್ಲಿ ಅವನು ಎಲ್ಲಿಂದಲೋ ಒಂದು ಕಂಪನಿಯನ್ನು ಹಿಡಿದು ತಂದ. ತಂಡವನ್ನೂ ಮೈದಾನವನ್ನೂ ಕಂಪನಿಗೆ ಬರೆದುಕೊಟ್ಟರೆ ಎರಡು ವರ್ಷದಲ್ಲಿ ಎರಡನೇ ವಿಭಾಗ, ಆಮೇಲೆ ಯೂರೋಪು ಎಂದ. ಅದಕ್ಕೆ ಸದಸ್ಯರ ಮಹಾಸಭೆ ಒಪ್ಪಬೇಕಿತ್ತು. ನಮ್ಮ ಕ್ಲಬ್ಬಿನ ಕಟ್ಟಳೆಯಲ್ಲಿ ತಲೆಗೊಂದು ಮತವಿಲ್ಲ. ಹೊಸಬರಿಗೆ ಒಂದು, ಸದಸ್ಯರಾಗಿ ಇಪ್ಪತ್ತೈದು ವರ್ಷ ದಾಟಿದವರಿಗೆ ಹತ್ತು, ನಲವತ್ತು ದಾಟಿದವರಿಗೆ ಇಪ್ಪತ್ತು. ಹಳಬರು ಕ್ಲಬ್ಬನ್ನು ಕಾಯುತ್ತಾರೆ ಎಂದು ಹಿರಿಯರು ಹಾಗೆ ಬರೆದಿಟ್ಟಿದ್ದರು. ಕಾಸಿಮಿರೋ ಹಳಬರನ್ನೇ ಒಬ್ಬೊಬ್ಬರನ್ನಾಗಿ ಹಿಡಿದ.

ಆಗ ಒಂದನೇ ನಂಬರು ಔಷಧಿ ಅಂಗಡಿಯ ಮುದುಕ ತೆಯೋಟೋನಿಯು, ತೊಂಬತ್ತು ವರ್ಷ, ಹಾಸಿಗೆ ಹಿಡಿದಿದ್ದ. ಸಾಯುವ ಲಕ್ಷಣ ಮಾತ್ರ ಇರಲಿಲ್ಲ. ಎರಡನೇ ನಂಬರು ಫೆಲಿಸ್ಮಿನಾ. ಅವಳಿಗಿಂತ ಮೊದಲು ಹೆಸರು ಬರೆಸಿದ ಉಳಿದವರು ಸತ್ತಿದ್ದರು, ಇಲ್ಲವೇ ದುಡಿಯಲು ಫ್ರಾನ್ಸಿಗೆ ಹೋಗಿ ಚಂದಾ ಬಿಟ್ಟಿದ್ದರು. ಕಾಸಿಮಿರೋ ಅವಳ ಒಗೆಯುವ ಕೋಣೆಗೆ ಬಂದಾಗ ನಾನು ಕಾಫಿ ಕೊಡಲು ಹೋಗಿದ್ದೆ, ಎಲ್ಲ ಕೇಳಿಸಿಕೊಂಡೆ.

"ಅಕ್ಕಾ, ತೆಯೋಟೋನಿಯು ಎದ್ದು ನಿಲ್ತಾರೋ ಇಲ್ವೋ ಆ ದೇವರಿಗೇ ಗೊತ್ತು. ಕಂಪನಿ ಬಂತು ಅಂತಿಟ್ಕೊಳ್ಳಿ, ಮೊದಲನೇ ಮ್ಯಾಚ್‌ಗೆ ಒದೆ ಯಾರು ಕೊಡ್ತಾರೆ ಹೇಳಿ ನೋಡೋಣ?"

"ಯಾರು?"

"ನೀವೇ ತಾಯಿ. ನಿಮ್ಮಪ್ಪನ ಆಣೆ."

"ನಮ್ಮಪ್ಪನ ಆಣೆ ನೀವ್ಯಾಕೆ ಹಾಕ್ತೀರಾ ಅಧ್ಯಕ್ಷ್ರೇ, ನಿಮ್ಮಪ್ಪ ಇರ್ಲಿಲ್ವಾ?" ಎಂದು ಅವಳು ನೊರೆ ಕೊಡವಿದಳು. ಮುಖ ಮಾತ್ರ ಅರಳಿತ್ತು. ಅವನಿಗೆ ಅಷ್ಟು ಸಾಕಾಯಿತು.

ಮಹಾಸಭೆ ಒಂದು ಶನಿವಾರ ಮಧ್ಯಾಹ್ನ ನಡೆಯಿತು. ಒಂದು ಮತದವರಿಗೆ ಬಿಳಿ ಚೀಟಿ, ಹತ್ತಕ್ಕೆ ಹಳದಿ, ಇಪ್ಪತ್ತಕ್ಕೆ ಕೆಂಪು. ಬಂದವರಿಗೆಲ್ಲ ಅಧ್ಯಕ್ಷರ ಕಡೆಯಿಂದ ಮಾಂಸದ ಬ್ರೆಡ್ಡು ಪುಕ್ಕಟೆ. ನನಗೆ ದೊಡ್ಡ ಆರ್ಡರು. ನನ್ನ ಹಳದಿ ಚೀಟಿ ಏಪ್ರನ್ನಿನ ಜೇಬಿನಲ್ಲಿತ್ತು. ಈ ಕಂಪನಿ ಕಳ್ಳರದ್ದು ಎಂದು ನನಗೆ ಅನ್ನಿಸಿತ್ತು, ಬಾರಿನಲ್ಲಿ ಹತ್ತು ಸಲ ಹೇಳಿಯೂ ಇದ್ದೆ. ಮೇಲೆ ಮತ ಎಣಿಸುವಾಗ ನಾನು ಕೆಳಗೆ ಬಾಣಲೆ ಮುಂದೆ ನಿಂತು ಮಾಂಸ ಮಗುಚುತ್ತಿದ್ದೆ. ಇನ್ನೊಂದು ತಟ್ಟೆ ಆಗಲಿ, ಆಮೇಲೆ ಹೋಗೋಣ ಅಂದುಕೊಂಡೆ. ಚಪ್ಪಾಳೆ ಕೇಳಿಸಿದಾಗ ಮುಗಿದೇ ಹೋಗಿತ್ತು. ಎಂಟು ಮತಗಳ ಅಂತರದಲ್ಲಿ ಕ್ಲಬ್ಬು ಕಂಪನಿಯ ಪಾಲಾಗಿತ್ತು. ಫೆಲಿಸ್ಮಿನಾ ಕಂಪನಿಯ ಪರವಾಗಿ ಕೆಂಪು ಚೀಟಿ ಎತ್ತಿ ಹಿಡಿದಿದ್ದಳು. ಅವಳನ್ನು ನೋಡಿ ಕಾರ್ಕ್ ಕಾರ್ಖಾನೆಯ ಹಳಬರು ನಾಲ್ಕು ಜನ ಎತ್ತಿದರಂತೆ.

ನನ್ನ ಜೇಬಿನಲ್ಲಿ ಹತ್ತು ಮತ ಇದ್ದವು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಅಡುಗೆ ಕೆಲಸ ಇತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಥೂ.

ಆಗಸ್ಟಿನಲ್ಲಿ ಮೊದಲ ಪಂದ್ಯ. ಫೆಲಿಸ್ಮಿನಾ ಕಂದುಬಣ್ಣದ ಹೊಸ ಬೂಟು ಕೊಂಡಿದ್ದಳು. ಒಗೆಯುವ ಕೋಣೆಯಲ್ಲಿ ಬಕೆಟ್ಟಿಗೆ ಮೆತ್ತಗೆ ಒದ್ದು ಅಭ್ಯಾಸ ಮಾಡಿದ್ದನ್ನು ನಾನು ನೋಡಿದ್ದೇನೆ. ಅಪ್ಪನ ಹಸಿರು ಶಾಲು ಕತ್ತಿಗೆ ಸುತ್ತಿಕೊಂಡು ಬಿಳಿ ಗೆರೆಯ ಹತ್ತಿರ ಬಂದು ನಿಂತಳು. ಆಗ ಧ್ವನಿವರ್ಧಕದಲ್ಲಿ ಯಾರದೋ ಹೆಸರು ಕೂಗಿದರು. ಟೀವಿ ಧಾರಾವಾಹಿಯ ಒಬ್ಬಳು ನಟಿ, ಕಂಪನಿಯವನ ಸ್ನೇಹಿತೆಯಂತೆ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಹುಲ್ಲಿಗೆ ತೂತು ಮಾಡುತ್ತಾ ಹೋಗಿ ಚೆಂಡು ಒದ್ದಳು. ಅದು ಮೂರು ಗೇಣು ಉರುಳಿತು. ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು, ಫೋಟೋ ಹಿಡಿಯಿತು. ನಮ್ಮ ಜನ ಎಂಥ ಜನ! ಒಬ್ಬನೂ ಗೆರೆಯ ಕಡೆ ತಿರುಗಿ ನೋಡಲಿಲ್ಲ.

ಕಾಸಿಮಿರೋ ಓಡಿ ಬಂದು ಹಲ್ಲು ಗಿಂಜಿದ. "ಅಕ್ಕಾ, ಏನ್ಮಾಡ್ಲಿ, ಟೀವಿಯವರು ಹಟ ಹಿಡಿದ್ರು. ಮುಂದಿನ ವರ್ಷ ಖಂಡಿತ."

"ಆಯ್ತು ಬಿಡಿ" ಎಂದಳು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಕೋಣೆಗೆ ಹೋದಳು. ಹತ್ತಿರ ಹೋಗಿ ಒಂದು ಮಾತಾಡಿಸಲು ನನಗೆ ಮುಖವಿರಲಿಲ್ಲ.

ಮುಂದಿನ ವರ್ಷಕ್ಕೆ ಅವಳ ಕೆಲಸವೇ ಇರಲಿಲ್ಲ. ಬಟ್ಟೆಗಳು ನಗರದ ಲಾಂಡ್ರಿಗೆ ಹೋಗತೊಡಗಿದವು, ಅವಳ ತೊಟ್ಟಿಯನ್ನು ಒಡೆದು ಅತಿಥಿಗಳಿಗೆ ಕುರ್ಚಿ ಹಾಕಿದರು. ನನ್ನ ಬಾರಿನ ಜಾಗದಲ್ಲಿ ಗಾಜಿನ ಕೌಂಟರು ಬಂತು. ತಂಡವೇನೋ ಹತ್ತಿತು, ಅದನ್ನು ಇಲ್ಲ ಅನ್ನಲಾರೆ. ಎರಡನೇ ವಿಭಾಗಕ್ಕೆ ಏರಿದಾಗ ಊರು ಕಾರಿನ ಹಾರನ್ನು ಒತ್ತುತ್ತಾ ಕುಣಿಯಿತು. ಹನ್ನೊಂದು ಜನ ಆಟಗಾರರಲ್ಲಿ ಒಬ್ಬನ ಹೆಸರೂ ನಮಗೆ ಸರಿಯಾಗಿ ಬರುತ್ತಿರಲಿಲ್ಲ. ಅಂಚೆ ಹುಡುಗ ಟಿಕೆಟ್ಟು ಕೊಂಡು ಒಳಗೆ ಬರುತ್ತಿದ್ದ. ಮೂರನೇ ವರ್ಷ ಕಂಪನಿ ತಂಡವನ್ನು ಹೆಸರಿನ ಸಮೇತ ಅರವತ್ತು ಕಿಲೋಮೀಟರು ದೂರದ ಊರಿಗೆ ಎತ್ತಿಕೊಂಡು ಹೋಯಿತು. ಅಲ್ಲಿ ಎರಡು ವರ್ಷ ಸೋತು ಸೋತು ಮುಚ್ಚಿಹೋಯಿತು. ನಾವು ಸಲಿಕೆ ಹಿಡಿದು ಹುಲ್ಲು ಹಾಕಿದ ಮೈದಾನ ಈಗ ಸೂಪರ್ ಮಾರ್ಕೆಟ್ಟು. ನಡುಗೆರೆ ಇದ್ದಲ್ಲಿ ಮೀನು ಮಾರುತ್ತಾರೆ.

ಸೂಪರ್ ಮಾರ್ಕೆಟ್ಟು ತೆರೆದ ವಾರವೇ ಔಷಧಿ ಅಂಗಡಿಯ ತೆಯೋಟೋನಿಯು ಸತ್ತ. ಕಾಗದದ ಮೇಲೆ ಹಳೆಯ ಕ್ಲಬ್ಬು ಇನ್ನೂ ಇತ್ತು. ತಂಡವಿಲ್ಲ, ಮೈದಾನವಿಲ್ಲ, ಅಧ್ಯಕ್ಷ ಮಾತ್ರ ಇದ್ದ. ಅವನು ಹೊಳೆಯುವ ಕಾರ್ಡೊಂದನ್ನು ಮಾಡಿಸಿ, ಪತ್ರಿಕೆಯ ಫೋಟೋದವನನ್ನು ಕರೆದುಕೊಂಡು ಫೆಲಿಸ್ಮಿನಾಳ ಬಾಗಿಲಿಗೆ ಬಂದ. ಸದಸ್ಯ ನಂಬರು ಒಂದು.

"ತಗೊಳ್ಳಿ ಅಕ್ಕಾ. ನಾನು ಮಾತು ಉಳಿಸ್ಕೊಂಡೆ ನೋಡಿ."

ಅವಳು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಎಲ್ಲಿ ಒದೀಲಿ ಅಧ್ಯಕ್ಷ್ರೇ? ಮೀನಿನಂಗಡೀಲಾ?" ಎಂದು ಬಾಗಿಲು ಹಾಕಿಕೊಂಡಳು. ಫೋಟೋ ಬಂದಿದ್ದು ಬಾಗಿಲಿನದು.

ಹೋದ ವರ್ಷ ಅಂಚೆ ಹುಡುಗ, ಈಗ ಅವನಿಗೂ ತಲೆ ನೆರೆತಿದೆ, ಇನ್ನೂ ಕೆಲವರನ್ನು ಸೇರಿಸಿ ಹೊಸ ಕ್ಲಬ್ಬು ಕಟ್ಟಿದ. ಶಾಲೆಯ ಹಿಂದಿನ ಮಣ್ಣಿನ ಬಯಲು, ಜಿಲ್ಲೆಯ ಕೊನೆಯ ದರ್ಜೆ. ಒಂದು ಭಾನುವಾರ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಮೇಜು ಹಾಕಿ ಸದಸ್ಯರ ಹೆಸರು ಬರೆದುಕೊಳ್ಳತೊಡಗಿದರು. ಒಂದನೇ ಸಾಲನ್ನು ಖಾಲಿ ಬಿಟ್ಟಿದ್ದರು. ನಾನು ಬೇಗ ಹೋಗಿ ಆರನೇ ನಂಬರು ಹಿಡಿದೆ, ಹಳೆಯ ಚಟ. ನನ್ನ ಮುಂದೆ ನಾಲ್ಕನೆಯವನಾಗಿ ರುಜು ಹಾಕಿದವನು ಯಾರು ಅಂದುಕೊಂಡಿರಿ? ಕಾಸಿಮಿರೋ. ಹೊಸ ಶಾಲು ಹೊದ್ದುಕೊಂಡು, ಊರು, ಊರಿನ ಮಾನ ಎನ್ನುತ್ತಿದ್ದ. ಯಾರೂ ಅವನನ್ನು ತಡೆಯಲಿಲ್ಲ. ನಾನೂ ತಡೆಯಲಿಲ್ಲ, ಕೈ ಕುಲುಕಿ ಆಮೇಲೆ ಪ್ಯಾಂಟಿಗೆ ಒರೆಸಿಕೊಂಡೆ.

ಪೂಜೆ ಬಿಟ್ಟ ಮೇಲೆ ಫೆಲಿಸ್ಮಿನಾ ಬಂದಳು. ಕಾಲಲ್ಲಿ ಅದೇ ಕಂದು ಬೂಟು. ಅಂಚೆಯವನು ಎದ್ದು ಕುರ್ಚಿ ಕೊಟ್ಟ.

"ಬನ್ನಿ ಅತ್ತೆ, ನಿಮ್ಗೇ ಅಂತ ಇಟ್ಟಿದೀವಿ. ಒಂದನೇ ನಂಬರು. ಮುಂದಿನ ತಿಂಗಳು ಮೊದಲ್ನೇ ಮ್ಯಾಚು, ಒದೆ ನಿಮ್ದೇ."

"ಸಾಲು ಎಲ್ಲಿ ಮುಗಿಯತ್ತಪ್ಪಾ?"

"ನಿಮ್ಗೆ ಸಾಲು ಯಾಕೆ?"

"ಎಲ್ಲಿ ಮುಗಿಯತ್ತೆ ಅಂತ ಕೇಳ್ದೆ" ಎಂದು ಅವಳೇ ಹೋಗಿ ಎಲ್ಲರ ಹಿಂದೆ ನಿಂತಳು. ನೂರೈವತ್ತು ಜನ ಇದ್ದರು. ಬಿಸಿಲು ಏರುತ್ತಿತ್ತು. ಹಿಂದೆ ಯಾರಾದರೂ ಹೊಸಬರು ಬಂದರೆ ಅವರನ್ನು ಮುಂದೆ ಬಿಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಹತ್ತಿರ ಹೋದೆ.

"ಏನಕ್ಕಾ ಇದು ಹುಚ್ಚಾಟ? ನಿಮ್ಮಪ್ಪನ ಆಸೆ ಅಲ್ವಾ?"

"ನಮ್ಮಪ್ಪ ಕ್ಲಬ್ಬಿಗೆ ಹೆಸರು ಬರ್ಸಿದ್ದು ಎವಾರಿಸ್ತು, ಮಾರೋಕಲ್ಲ. ನನ್ ಕೈಗೆ ಇಪ್ಪತ್ತು ಮತ ಕೊಟ್ರೆ, ಒಂದು ಒದೆ ಆಸೆಗೆ ನಾನೇನು ಮಾಡ್ದೆ ಅಂತ ನಿಂಗೇ ಗೊತ್ತಲ್ಲ. ಹೊಸ ಪುಸ್ತಕದಲ್ಲಿ ನನಗೆ ಒಂದೇ ಮತ. ಇಪ್ಪತ್ತು ಬರ್ಬೇಕಾದ್ರೆ ಇನ್ನೂ ನಲವತ್ತು ವರ್ಷ ಬದುಕ್ಬೇಕು. ಕ್ಲಬ್ಬು ಬಚಾವಾಯ್ತು."

ನಕ್ಕಳು. ನನಗೆ ನಗು ಬರಲಿಲ್ಲ. ಏಳು ವರ್ಷ ಮುಚ್ಚಿಟ್ಟುಕೊಂಡಿದ್ದು ಬಾಯಿಗೆ ಬಂತು.

"ಅಕ್ಕಾ, ಅವತ್ತು ಸಭೇಲಿ ನಾನು..."

"ಗೊತ್ತು ಕಣೋ" ಎಂದಳು, ನನ್ನ ಕಡೆ ನೋಡದೆ. "ನಾನು ಚೀಟಿ ಎತ್ತುವಾಗ ಕೆಳಗಿಂದ ಮಾಂಸದ ವಾಸನೆ ಬರ್ತಾನೇ ಇತ್ತು."

ಅಂಗಳದಲ್ಲಿ ಕಾಸಿಮಿರೋ ಯಾರಿಗೋ ಮೈದಾನಕ್ಕೆ ಬೇಲಿ ಹಾಕಿಸುವ ವಿಷಯ ಹೇಳುತ್ತಿದ್ದ. ನಾನು ಮೇಜಿಗೆ ಹೋಗಿ ಆರನೇ ಸಾಲಿನ ನನ್ನ ಹೆಸರನ್ನು ಹೊಡೆದುಹಾಕಿ ಎಂದೆ. ಅಂಚೆಯವನು ಕಣ್ಣು ಕಣ್ಣು ಬಿಟ್ಟ. ವಾಪಸು ಬಂದಾಗ ಫೆಲಿಸ್ಮಿನಾ ಹೆಬ್ಬೆರಳಿನಿಂದ ತನ್ನ ಬೆನ್ನ ಹಿಂದೆ ತೋರಿಸಿದಳು. ಹೋಗಿ ನಿಂತೆ. ಅವಳಿಗೆ ನೂರಾ ಎಂಬತ್ತೇಳು ಬಂತು, ನನಗೆ ನೂರಾ ಎಂಬತ್ತೆಂಟು.