ಗುಂಡಿ ನನ್ನದು

ತೊಂಬತ್ತರ ದಶಕದಲ್ಲಿ, ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಪಕ್ಕದ ಮನೆಯಲ್ಲಿ ಮುದಿ ಪೋಲಿಷ್ ದರ್ಜಿಯೊಬ್ಬರಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಕೈಕೆಳಗಿನ ಪೋಲಿಷ್ ಪಡೆಯಲ್ಲಿದ್ದವರು. ಸಮವಸ್ತ್ರ ಬ್ರಿಟಿಷರದು, ಗುಂಡಿಗಳ ಮೇಲೆ ಮಾತ್ರ ಪೋಲೆಂಡಿನ ಹದ್ದು. ದಾರವನ್ನು ಹಲ್ಲಿನಲ್ಲಿ ಕಡಿದಾಗಲೆಲ್ಲ, "ಕೋಟು ಅವರದು, ಗುಂಡಿ ನನ್ನದು" ಎನ್ನುತ್ತಿದ್ದರು.

ನಾನು ಅಮೆರಿಕದ ಪೌರನಾಗುವ ಹಿಂದಿನ ದಿನ ಹೊಸ ಕೋಟಿನ ತೋಳು ಗಿಡ್ಡ ಮಾಡಿಸಲು ಹೋದೆ.

"ನಿಮ್ಮೂರಿನ ಗುಂಡಿ ಎಲ್ಲಿ?" ಎಂದು ಗದರಿದರು.

ಜೊತೆಗಿದ್ದ ಹೆಂಡತಿ ನಕ್ಕಳು. "ಮೈಸೂರಲ್ಲಿ ಹೊಲಿಸಿದ ಶರ್ಟಿಂದು ಒಂದು ಬಟನ್ ಇದೆ ಕಣ್ರೀ, ತರ್ತೀನಿ."

ತಂದಳು. ಕೋಟಿನ ಕಾಜಕ್ಕೆ ಅದು ತೀರಾ ಚಿಕ್ಕದು, ಹಾಕಿದರೆ ಜಾರುತ್ತಿತ್ತು. ನಾನು ಬೇಡವೆಂದೆ.

"ಗುಂಡಿ ಇರುವಷ್ಟೇ ಇರಲಿ," ಎಂದು ಅವರು ಕಾಜವನ್ನೇ ಹೊಲಿದು ಕಿರಿದು ಮಾಡಿದರು. "ಕೋಟು ಹೊಂದಿಕೊಳ್ಳಲಿ."