ತಾತನ ಪಕ್ಕಕ್ಕೊಂದು ಫೋಟೊ

ಸುಕ್ಕುಗಳೇ ನನ್ನ ಕಸುಬು. ವಯಸ್ಸಾದವರ ಮುಖಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಪ್ರದರ್ಶನಕ್ಕಿಡುತ್ತೇನೆ. ನೋಡಿದವರು ಕಾಲವನ್ನೇ ಹಿಡಿದಿದ್ದೀರಿ ಎನ್ನುತ್ತಾರೆ, ನಾನೂ ನಂಬಿಬಿಡುತ್ತೇನೆ. ಹೀಗಿರುವಾಗ ಅರಸೀಕೆರೆಯಲ್ಲಿರುವ, ಎಂಬತ್ತು ದಾಟಿದ ನನ್ನ ಅಜ್ಜಿ, ತಾನು ಹೋದಮೇಲೆ ಗೋಡೆಗೆ ಹಾಕಲು ಒಂದು ಫೋಟೊ ತೆಗೆದುಕೊಡು ಎಂದು ತಾನಾಗಿಯೇ ಕೇಳಿದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಹಳೇಬೀಡಿಗೆ ಕರೆದೊಯ್ದು, ದೇವಸ್ಥಾನದ ಜಗಲಿಯ ಮೇಲೆ ಕೂರಿಸಿ, ಇಳಿಬಿಸಿಲು ಅವಳ ಕೆನ್ನೆಯ ಗೆರೆಗಳಿಗೆ ಬೀಳುವವರೆಗೂ ಕಾಯಿಸಿದೆ. ಅಜ್ಜಿ ವಿಭೂತಿ ತಿದ್ದಿಕೊಂಡು, ಶಾಲೆಯ ಗ್ರೂಪ್ ಫೋಟೊಗೆ ಕೂತ ಹುಡುಗಿಯಂತೆ ಉಸಿರು ಬಿಗಿಹಿಡಿದಿದ್ದಳು. ಪ್ರವಾಸಿಗಳು ಶಿಲ್ಪಗಳನ್ನು ಬಿಟ್ಟು ಅವಳ ಫೋಟೊ ತೆಗೆಯತೊಡಗಿದ್ದರು.

ಮನೆಗೆ ಬಂದು ಚಿತ್ರ ತೋರಿಸಿದರೆ ಅವಳ ಮುಖ ಸಣ್ಣದಾಯಿತು. ನಡುಮನೆಯ ಗೋಡೆಯ ಮೇಲಿದ್ದ ತಾತನ ಫೋಟೊದತ್ತ ಕೈ ತೋರಿದಳು. ಮೂವತ್ತು ತುಂಬುವ ಮೊದಲೇ ತೀರಿಕೊಂಡ ತಾತ ಅಲ್ಲಿ ಕೈಗಡಿಯಾರ ಕಾಣುವಂತೆ ತೋಳು ಮಡಿಚಿ ಕೂತಿದ್ದಾನೆ. ಈಗ ನನಗಿಂತಲೂ ಚಿಕ್ಕವನು.

“ಇದನ್ನ ಅವ್ರ ಪಕ್ಕ ಹಾಕಿದ್ರೆ, ಬಂದೋರೆಲ್ಲ ನಾನು ಅವ್ರ ತಾಯಿ ಅಂತಾರೆ ಕಣೋ.”

ನಾನು ನಕ್ಕೆ. ಅಜ್ಜಿ ನಗಲಿಲ್ಲ, ಎರಡು ದಿನ ಮಾತೂ ಆಡಲಿಲ್ಲ. ಕೊನೆಗೆ ನನ್ನ ಕಲೆಯ ಮಾನ ಕಳೆದು, ಫೋನಿನಲ್ಲಿ ಅವಳ ಸುಕ್ಕುಗಳನ್ನೆಲ್ಲ ಒರೆಸಿಹಾಕಿದೆ. ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಒಬ್ಬಾಕೆ ಹೊರಬಂದಳು. ಇವಳ್ಯಾರೋ, ಅವರ ಪಕ್ಕದಲ್ಲಿ ಇವಳಿಗೇನು ಕೆಲಸ ಎಂದು ಅಜ್ಜಿ ಸಿಡುಕಿದಳು. ತನ್ನದೇ ಫೋಟೊದ ಮೇಲೆ ಸವತಿ ಮತ್ಸರ ಪಟ್ಟ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉಳಿದದ್ದು ಒಂದೇ ದಾರಿ. ಫೋನಿನಲ್ಲಿ ತಾತನನ್ನೇ ಮುದುಕನನ್ನಾಗಿ ಮಾಡಿದೆ. ಕೂದಲು ಬೆಳ್ಳಗಾಯಿತು, ಕೆನ್ನೆ ಇಳಿಯಿತು, ಕಣ್ಣಿನ ಕೆಳಗೆ ಚೀಲ ಕಟ್ಟಿತು. ಕಲಿತ ವಿದ್ಯೆಯನ್ನೆಲ್ಲ ಸುರಿದಿದ್ದೆ, ಬೀಗುತ್ತಾ ತಂದು ತೋರಿಸಿದೆ.

ಅಜ್ಜಿ ಬಹಳ ಹೊತ್ತು ನೋಡಿದಳು. ಆ ಬಿಳಿ ಕೂದಲನ್ನು ಬೆರಳಿನಿಂದ ಸವರಲು ಹೋದಳು, ಚಿತ್ರ ಸರಿದು ಯಾರದೋ ಮದುವೆಯ ಊಟ ಬಂತು. ನಾನು ಮತ್ತೆ ತಾತನನ್ನು ತಂದುಕೊಟ್ಟೆ. ಅವಳು ನೋಡುತ್ತಿದ್ದ ರೀತಿಗೆ ನನಗೆ ಅಳು ಬಂತು.

“ಅಳಿಸ್ಬಿಡು” ಅಂದಳು. “ಮಂಡಿನೋವು, ಹಲ್ಲುನೋವು ಎಲ್ಲ ಅವ್ರಿಗ್ಯಾಕೆ? ಇಬ್ರ ಪಾಲಿನ ಮುಪ್ಪೂ ನಾನೇ ಉಂಡಿದೀನಿ. ಆ ಹಳೇಬೀಡಿನ ಫೋಟೊನೇ ಹಾಕು. ತಾಯಿ ಅನ್ನೋರು ಅಂದ್ಕಳ್ಳಿ.”